ಏನೂ ಮಾಡದ ಬಿಳುಪು

ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಬಿಳಿ ಬಣ್ಣದ ಕಥೆ ಒಂದು ಹಿಡಿ ಕಪ್ಪು ಮರಳಿನಿಂದ ಆರಂಭವಾಗುತ್ತದೆ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ವಿಲಿಯಂ ಗ್ರೆಗರ್ ಎಂಬ ಪಾದ್ರಿ, ಮನಾಕನ್ ಎಂಬ ಊರಿನ ಹೊಳೆಯ ಬಳಿ ಸಿಕ್ಕ ಕಪ್ಪು ಮರಳನ್ನು ಪರೀಕ್ಷೆಗೆ ಒಳಪಡಿಸಿದ. ಮರಳು ಅಯಸ್ಕಾಂತಕ್ಕೆ ಅಂಟುತ್ತಿತ್ತು. ಅದರಲ್ಲಿ ಕಬ್ಬಿಣವಿದೆ ಎನ್ನುವುದು ಅಷ್ಟರಿಂದಲೇ ತಿಳಿಯಿತು. ಆದರೆ ಕಬ್ಬಿಣವನ್ನು ಬೇರ್ಪಡಿಸಿದ ಮೇಲೆ ಉಳಿದ ಬಿಳಿಯ ಪುಡಿ ಮಾತ್ರ ಅವನಿಗೆ ಗೊತ್ತಿದ್ದ ಯಾವ ಲೋಹಕ್ಕೂ ಸೇರಲಿಲ್ಲ. ನಾಲ್ಕು ವರ್ಷಗಳ ನಂತರ ಬರ್ಲಿನ್ನಿನ ರಸಾಯನ ವಿಜ್ಞಾನಿ ಮಾರ್ಟಿನ್ ಕ್ಲಾಪ್ರೋತ್ ಬೇರೊಂದು ಖನಿಜದಲ್ಲಿ ಅದೇ ಲೋಹವನ್ನು ಗುರುತಿಸಿದ. ಗ್ರೀಕ್ ಪುರಾಣದಲ್ಲಿ ಭೂದೇವಿಯ ಮಕ್ಕಳಾದ ಟೈಟನ್ನರ ಹೆಸರನ್ನು ಅದಕ್ಕಿಟ್ಟ. ವಸ್ತುವಿನ ಗುಣ ಏನೆಂದು ಇನ್ನೂ ಸರಿಯಾಗಿ ತಿಳಿದಿಲ್ಲದಿರುವಾಗ, ಯಾವ ಗುಣವನ್ನೂ ಹೇಳದ ಹೆಸರೇ ಮೇಲು ಎನ್ನುವುದು ಅವನ ವಿಚಾರ.

ಗುಣ ತಿಳಿಯುವುದಕ್ಕೆ ಮುಂಚೆ ಗುಣವಾಚಕ ಹಚ್ಚಬಾರದು ಎಂಬ ಕ್ಲಾಪ್ರೋತನ ಈ ಎಚ್ಚರ ಮುಂದಿನವರಿಗೆ ಉಳಿಯಲಿಲ್ಲ. ಟೈಟಾನಿಯಂ ಡೈಆಕ್ಸೈಡ್ ಎಂಬ ಆ ಬಿಳಿ ಪುಡಿಗೆ ಇಪ್ಪತ್ತನೆಯ ಶತಮಾನ ಒಂದು ಗುಣವಾಚಕವನ್ನು ಕೊಟ್ಟೇ ಬಿಟ್ಟಿತು: ನಿರುಪದ್ರವಿ. ಅದು ನೀರಿನಲ್ಲಿ ಕರಗದು, ಬಿಸಿಗೆ ಬಗ್ಗದು, ಯಾವುದರ ಜೊತೆಗೂ ಸುಲಭಕ್ಕೆ ಸೇರದು, ದೇಹದೊಳಗೆ ಹೋದರೆ ಹಾಗೇ ಹೊರಗೆ ಬರುತ್ತದೆ ಎಂದು ನಂಬಲಾಯಿತು. ಈ ಒಂದು ಪದ ಹೇಗೆ ಬಂತು, ಹೇಗೆ ಅಲುಗಾಡಿತು ಎನ್ನುವುದೇ ಈ ಬರಹದ ವಿಷಯ.

ಬಣ್ಣಗಳ ಇತಿಹಾಸವನ್ನು ನಾನು ಓದತೊಡಗಿದ್ದು ಚಿತ್ರಕಲೆಯ ಮೇಲಿನ ಆಸಕ್ತಿಯಿಂದ. ಓದುತ್ತಾ ಹೋದಂತೆ ಅದು ಕಾಯಿಲೆಗಳ ಇತಿಹಾಸವೂ ಹೌದೆಂದು ಕಾಣತೊಡಗಿತು. ನಮ್ಮಲ್ಲಿ ಗೋಡೆಗೆ ಬಿಳುಪು ಎಂದರೆ ಬಹುಕಾಲ ಸುಣ್ಣವೇ ಆಗಿತ್ತು. ಯುರೋಪಿನ ಚಿತ್ರಕಾರರಿಗೆ ಮತ್ತು ಬಣ್ಣ ಬಳಿಯುವವರಿಗೆ ಮಾತ್ರ ಬಿಳುಪು ಎಂದರೆ ಸೀಸ. ಸೀಸದ ಸುರುಳಿಗಳನ್ನು ವಿನೆಗರ್ ಇರುವ ಮಡಕೆಗಳಲ್ಲಿಟ್ಟು, ಸುತ್ತ ಕುದುರೆ ಲದ್ದಿ ತುಂಬಿ, ತಿಂಗಳುಗಟ್ಟಲೆ ಮುಚ್ಚಿಡುತ್ತಿದ್ದರು. ಲದ್ದಿಯ ಕಾವಿಗೆ, ಹುಳಿಯ ಆವಿಗೆ ಸೀಸದ ಮೇಲೆ ಬಿಳಿ ಪದರು ಕಟ್ಟುತ್ತಿತ್ತು. ಅದನ್ನು ಕೆರೆದು, ಅರೆದು, ಒಣಗಿಸಿ ಮಾರುತ್ತಿದ್ದರು.

ಕೆರೆಯುವವರಿಗೆ ಏನಾಗುತ್ತದೆ ಎನ್ನುವುದು ಗುಟ್ಟಾಗಿರಲಿಲ್ಲ. 1700ರಲ್ಲಿಯೇ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜಿನಿ, ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಬಣ್ಣಗಾರರ ಮತ್ತು ಕುಂಬಾರರ ಸೀಸದ ರೋಗವನ್ನು ವರ್ಣಿಸಿದ್ದ. 1786ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ, ಸೀಸದ ಕೇಡು ಗೊತ್ತಾಗಿ ಅರವತ್ತು ವರ್ಷಗಳಾದರೂ ಜನ ಅದನ್ನು ಒಪ್ಪಿ ನಡೆಯುತ್ತಿಲ್ಲ ಎಂದು ಬೇಸರಪಟ್ಟಿದ್ದ. 1868ರಲ್ಲಿ ಚಾರ್ಲ್ಸ್ ಡಿಕನ್ಸ್ ಲಂಡನ್ನಿನ ಪೂರ್ವ ಭಾಗದ ಬಡವರ ಮನೆಗಳನ್ನು ಹೊಕ್ಕು, ಸೀಸದ ಕಾರ್ಖಾನೆಗೆ ಕೂಲಿಗೆ ಹೋಗಿ ವಿಷವೇರಿಸಿಕೊಂಡ ಹೆಂಗಸರ ಬಗ್ಗೆ ಬರೆದ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಯೊಳಗಿನ ಬಣ್ಣಗಾರಿಕೆಯಲ್ಲಿ ಸೀಸದ ಬಿಳುಪನ್ನು ತಡೆಯುವ ಒಪ್ಪಂದ ಮಾಡಿದ್ದು 1921ರಲ್ಲಿ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ, ಎಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕೆ, ಮಿತಿಗೊಳಿಸುವ ನಿಯಮ ಬಂದದ್ದು 2016ರಲ್ಲಿ. ರಾಮಾಜಿನಿಯ ಪುಸ್ತಕಕ್ಕೂ ನಮ್ಮ ನಿಯಮಕ್ಕೂ ನಡುವೆ ಮುನ್ನೂರು ವರ್ಷ ಮೀರಿದ ಅಂತರವಿದೆ.

ಈ ಹಿನ್ನೆಲೆಯಲ್ಲಿ ಟೈಟಾನಿಯಂ ಬಿಳುಪು ಬಂದಾಗ ಅದನ್ನು ಜನ ಬಿಡುಗಡೆಯಂತೆ ಬರಮಾಡಿಕೊಂಡರು. ಮೊದಲ ಮಹಾಯುದ್ಧದ ನಡುವೆ, 1916ರ ಹೊತ್ತಿಗೆ, ನಾರ್ವೆ ಮತ್ತು ಅಮೆರಿಕ ಎರಡೂ ಕಡೆ ಅದರ ವಾಣಿಜ್ಯ ಉತ್ಪಾದನೆ ಶುರುವಾಯಿತು. ಎರಡೂ ಕಡೆ ಕಚ್ಚಾವಸ್ತು ಇಲ್ಮನೈಟ್, ಅಂದರೆ ಗ್ರೆಗರ್ ಪರೀಕ್ಷಿಸಿದ ಕಪ್ಪು ಮರಳಿನ ಖನಿಜವೇ. ನಮ್ಮ ನೆರೆಯ ಕೇರಳದ ಚವರ, ತಮಿಳುನಾಡಿನ ಮನವಾಳಕುರಿಚಿ ಕಡಲತೀರಗಳ ಕಪ್ಪು ಮರಳಿನಲ್ಲೂ ಇರುವುದು ಇದೇ. ತಿರುವಾಂಕೂರು ಸಂಸ್ಥಾನದ ಕಾಲದಲ್ಲಿ, 1946ರಲ್ಲಿ, ತಿರುವನಂತಪುರದಲ್ಲಿ ಇದರಿಂದ ಬಿಳುಪು ತಯಾರಿಸುವ ಕಂಪನಿಯೊಂದು ಸ್ಥಾಪನೆಯಾಯಿತು.

ಈ ಪುಡಿಯ ಬೆಳ್ಳಗಿನ ಗುಟ್ಟು ಬೆಳಕನ್ನು ಬಾಗಿಸುವ ಶಕ್ತಿಯಲ್ಲಿದೆ. ವಜ್ರದ ವಕ್ರೀಭವನ ಸೂಚ್ಯಂಕ ಸುಮಾರು 2.4, ಟೈಟಾನಿಯಂ ಡೈಆಕ್ಸೈಡಿನ ರೂಟೈಲ್ ಎಂಬ ಹರಳಿನದು ಸುಮಾರು 2.7. ವಜ್ರಕ್ಕಿಂತ ಹೆಚ್ಚಾಗಿ ಬೆಳಕನ್ನು ಬಾಗಿಸಿ ಚದುರಿಸುವ ಪುಡಿ ಎಂದ ಮೇಲೆ ತೆಳುವಾಗಿ ಬಳಿದರೂ ಕೆಳಗಿನ ಕಲೆ ಮುಚ್ಚಿಹೋಗುತ್ತದೆ. ಮೇಲಾಗಿ ಅದರಲ್ಲಿ ವಿಷವಿಲ್ಲ. ಹಾಗಾಗಿ ಅದು ಗೋಡೆಯಿಂದ ಕಾಗದಕ್ಕೆ, ಪ್ಲಾಸ್ಟಿಕ್ಕಿಗೆ, ಟೂತ್‌ಪೇಸ್ಟಿಗೆ, ಕೊನೆಗೆ ತಟ್ಟೆಗೂ ಬಂತು. 1966ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ತೂಕದ ಶೇ. 1 ಮೀರದಂತೆ ಇದನ್ನು ಆಹಾರದ ಬಣ್ಣವಾಗಿ ಬಳಸಲು ಒಪ್ಪಿಗೆ ಕೊಟ್ಟಿತು. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳ ಜಂಟಿ ತಜ್ಞ ಸಮಿತಿ, ಇದಕ್ಕೆ ದಿನಕ್ಕೆ ಇಷ್ಟೇ ಎಂಬ ಮಿತಿ ಹಾಕುವ ಅಗತ್ಯವಿಲ್ಲ ಎಂದಿತು. ಯುರೋಪಿನ ಪಟ್ಟಿಯಲ್ಲಿ ಅದರ ಹೆಸರು ಇ171.

ನಮ್ಮ ಓದುಗರಿಗೆ ಇದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮನೆಯಲ್ಲಿರುವ ಬಿಳಿ ಅಥವಾ ಬಣ್ಣದ ಹೊದಿಕೆಯ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ. ಹಲವು ಪಟ್ಟಿಗಳ ಹಿಂಬದಿಯಲ್ಲಿ, ಔಷಧದ ಹೆಸರಿನ ಕೆಳಗೆ, ಬಣ್ಣ ಎಂಬ ಪದದ ಮುಂದೆ ಟೈಟಾನಿಯಂ ಡೈಆಕ್ಸೈಡ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಮಾತ್ರೆ ಅಂದವಾಗಿ, ಒಂದೇ ಸಮನಾಗಿ ಕಾಣಬೇಕು, ಒಳಗಿನ ಔಷಧಕ್ಕೆ ಬೆಳಕು ತಾಕಬಾರದು ಎಂದು ಹಾಕಿರುತ್ತಾರೆ.

ಇಷ್ಟರವರೆಗೆ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಈ ವಸ್ತು ಯಾವುದು? ಸೀಸವಾದರೆ ವಿಷ, ಟೈಟಾನಿಯಂ ಆದರೆ ಅಲ್ಲ. ಅದು ಎಷ್ಟು ದೊಡ್ಡದು ಎಂದು ಯಾರೂ ಕೇಳಿರಲಿಲ್ಲ.

ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಗೋಡೆಯ ಬಣ್ಣಕ್ಕೆ ಬೇಕಾಗುವ ಕಣ 200ರಿಂದ 300 ನ್ಯಾನೋಮೀಟರ್. ಬೆಳಕನ್ನು ಚದುರಿಸಲು ಆ ಗಾತ್ರವೇ ಹದ. ಅದೇ ಕಣವನ್ನು 100 ನ್ಯಾನೋಮೀಟರಿಗಿಂತ ಚಿಕ್ಕದು ಮಾಡಿದರೆ ಅದಕ್ಕೆ ನ್ಯಾನೋ ಕಣ ಎನ್ನುತ್ತಾರೆ. ಆಗ ಬಿಳುಪೇ ಮಾಯವಾಗುತ್ತದೆ! ಕಣ್ಣಿಗೆ ಕಾಣುವ ಬೆಳಕು ಅದರ ಮೂಲಕ ದಾಟಿಹೋಗುತ್ತದೆ, ಅತಿನೇರಳೆ ಕಿರಣ ಮಾತ್ರ ತಡೆದು ನಿಲ್ಲುತ್ತದೆ. ಮುಖಕ್ಕೆ ಸುಣ್ಣ ಬಳಿದಂತೆ ಕಾಣದ ಸನ್‌ಸ್ಕ್ರೀನ್ ಸಾಧ್ಯವಾದದ್ದು ಹೀಗೆ.

ಗಾತ್ರದ ಜೊತೆ ಇನ್ನೊಂದು ಸಂಗತಿಯೂ ಬದಲಾಗುತ್ತದೆ. ಒಂದು ಸೆಂಟಿಮೀಟರ್ ಉದ್ದಗಲ ಎತ್ತರದ ಘನವೊಂದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್ ಆಗುತ್ತದೆ. ಬೆಂಗಳೂರಿನವರ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಸಕ್ಕರೆ ಅಚ್ಚಿನಷ್ಟು ವಸ್ತುವಿನ ಮೈಯನ್ನು ಹಾಸಿದರೆ ಐದು ‘ಮೂವತ್ತು ನಲವತ್ತು’ ಸೈಟು ತುಂಬಿ ಇನ್ನೂ ಮಿಗುತ್ತದೆ. ವಸ್ತುಗಳು ಪರಸ್ಪರ ತಾಕುವುದು ಹೊರಮೈಯಲ್ಲಿ. ಮೈ ಹೆಚ್ಚಾದರೆ ತಾಕುವುದೂ ಹೆಚ್ಚು.

ಇದು ಏನೂ ಮಾಡದ ವಸ್ತುವಲ್ಲ ಎಂಬ ಸುಳಿವು ಬೇರೆ ಕಡೆಯಿಂದಲೂ ಬಂದಿತ್ತು. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ, ಟೈಟಾನಿಯಂ ಡೈಆಕ್ಸೈಡಿನ ಮೇಲೆ ಅತಿನೇರಳೆ ಬೆಳಕು ಬಿದ್ದಾಗ ಅದು ನೀರನ್ನು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯಲು ನೆರವಾಗುತ್ತದೆ ಎಂದು ಪ್ರಕಟಿಸಿದರು. ಕತ್ತಲಲ್ಲಿ ಸುಮ್ಮನಿರುವ ಪುಡಿ ಬಿಸಿಲಿನಲ್ಲಿ ಚುರುಕಾಗುತ್ತದೆ, ಸುತ್ತಲಿನ ಜೈವಿಕ ವಸ್ತುಗಳನ್ನು ಕೊರೆಯಬಲ್ಲ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ಸನ್‌ಸ್ಕ್ರೀನಿನ ಕಣಗಳಿಗೆ ಸಿಲಿಕಾ ಅಥವಾ ಅಲ್ಯುಮಿನಾದ ಹೊದಿಕೆ ಹಾಕುವುದು ಇದನ್ನು ತಡೆಯುವುದಕ್ಕಾಗಿಯೇ.

ದೇಹಕ್ಕೆ ಮೂರು ಬಾಗಿಲುಗಳಿವೆ: ಚರ್ಮ, ಮೂಗು, ಬಾಯಿ. ಒಂದೊಂದರ ಕಥೆಯೂ ಬೇರೆ.

ಚರ್ಮದ ಕಥೆ ಹೆಚ್ಚು ಸಮಾಧಾನದ್ದು. ನಮ್ಮ ಚರ್ಮದ ಮೇಲ್ಪದರ ಸತ್ತ ಜೀವಕೋಶಗಳ ಒತ್ತಾದ ಹಾಸು. ಹಚ್ಚಿದ ಕಣಗಳು ಬಹುಪಾಲು ಅಲ್ಲೇ ನಿಲ್ಲುತ್ತವೆ, ಜೀವಂತ ಪದರಕ್ಕೆ ಇಳಿಯುವುದಿಲ್ಲ ಎಂಬುದು ಹಲವು ಅಧ್ಯಯನಗಳ ಸಾರ. 2014ರಲ್ಲಿ ಯುರೋಪಿನ ಗ್ರಾಹಕ ಸುರಕ್ಷತೆಯ ವೈಜ್ಞಾನಿಕ ಸಮಿತಿ, ಶೇ. 25ರವರೆಗೆ ನ್ಯಾನೋ ಕಣವಿರುವ ಸನ್‌ಸ್ಕ್ರೀನನ್ನು ಆರೋಗ್ಯವಂತ ಚರ್ಮಕ್ಕೆ ಹಚ್ಚಬಹುದು ಎಂದಿತು. ಜೊತೆಗೆ ಒಂದು ಎಚ್ಚರಿಕೆಯನ್ನೂ ಸೇರಿಸಿತು: ಉಸಿರಿನೊಳಗೆ ಹೋಗುವಂಥ ಸ್ಪ್ರೇ ರೂಪದಲ್ಲಿ ಇದು ಬೇಡ.

ಆ ಎಚ್ಚರಿಕೆಗೆ ಕಾರಣ ಎರಡನೆಯ ಬಾಗಿಲಿನ ಇತಿಹಾಸದಲ್ಲಿದೆ. 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳಿಗೆ ಎರಡು ವರ್ಷ ಈ ಧೂಳನ್ನು ಉಸಿರಾಡಿಸಿದ್ದರು. ಘನ ಮೀಟರ್ ಗಾಳಿಗೆ 250 ಮಿಲಿಗ್ರಾಂ ಎಂಬ ಭಾರೀ ಪ್ರಮಾಣದಲ್ಲಿ ಶ್ವಾಸಕೋಶದ ಗಡ್ಡೆಗಳು ಕಂಡವು. ಇಷ್ಟು ಧೂಳು ಸುರಿದರೆ ಯಾವುದಾದರೂ ಆಗುತ್ತದೆ ಎಂದು ಹೇಳಿ ಅದನ್ನು ಬದಿಗಿಡಬಹುದಾಗಿತ್ತು. ಆದರೆ 1990ರ ದಶಕದ ಆರಂಭದಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಗುಂಟರ್ ಓಬರ್‌ಡೋರ್ಸ್ಟರ್ ಮತ್ತು ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು. ಅದೇ ವಸ್ತು, ಗಾಳಿಯಲ್ಲಿ ಹೆಚ್ಚುಕಡಿಮೆ ಅದೇ ತೂಕ. ಆದರೆ ಒಂದು ಗುಂಪಿನ ಇಲಿಗಳಿಗೆ ಸುಮಾರು 250 ನ್ಯಾನೋಮೀಟರಿನ ಕಣ, ಇನ್ನೊಂದಕ್ಕೆ ಸುಮಾರು 20 ನ್ಯಾನೋಮೀಟರಿನ ಕಣ. ಚಿಕ್ಕ ಕಣ ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತ ಹೆಚ್ಚಿತ್ತು, ಕಣಗಳು ಹೊರಹೋಗುವುದೂ ನಿಧಾನವಾಗಿತ್ತು.

ಏಕೆ ಹೀಗೆ? ಶ್ವಾಸಕೋಶದ ಗಾಳಿಚೀಲಗಳಲ್ಲಿ ಭಕ್ಷಕ ಕೋಶಗಳು ಕಾವಲಿರುತ್ತವೆ. ಒಳಬಂದ ಕಣವನ್ನು ನುಂಗಿ, ಮೇಲಕ್ಕೆ ಸಾಗಿಸುವುದು ಅವುಗಳ ಕೆಲಸ. ಕಸ ಹೆಚ್ಚಾದರೆ ಅವು ಬಳಲುತ್ತವೆ, ನಡೆಯಲಾರವು. ಉರಿಯೂತದ ರಾಸಾಯನಿಕಗಳನ್ನು ಸುತ್ತ ಸುರಿಯುತ್ತವೆ. ಅತಿ ಚಿಕ್ಕ ಕಣಗಳಾದರೆ ಈ ಕಾವಲನ್ನು ತಪ್ಪಿಸಿಕೊಂಡು ಗಾಳಿಚೀಲದ ಗೋಡೆಯೊಳಗೇ ಸೇರಿಕೊಳ್ಳುತ್ತವೆ. ಉರಿಯೂತ ವರ್ಷಗಟ್ಟಲೆ ಆರದೆ ಉಳಿದರೆ ಅಲ್ಲಿಂದ ಗಾಯ, ಕಲೆ, ಗಡ್ಡೆ. 1995ರಲ್ಲಿ ಜರ್ಮನಿಯ ಹೈನ್‌ರಿಕ್ ಮತ್ತು ಸಂಗಡಿಗರು, ಸುಮಾರು 10 ಮಿಲಿಗ್ರಾಂ ಅತಿಸೂಕ್ಷ್ಮ ಕಣವಿದ್ದ ಗಾಳಿಯಲ್ಲೇ ಇಲಿಗಳಿಗೆ ಗಡ್ಡೆ ಬಂದದ್ದನ್ನು ವರದಿ ಮಾಡಿದರು. 250 ಎಲ್ಲಿ, 10 ಎಲ್ಲಿ!

ಮನುಷ್ಯರ ವಿಷಯದಲ್ಲಿ ಚಿತ್ರ ಇಷ್ಟು ನಿಚ್ಚಳವಾಗಿಲ್ಲ. ಯುರೋಪಿನ ಈ ಉದ್ಯಮದ ಸುಮಾರು 15,000 ಕಾರ್ಮಿಕರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಕೊಂಚ ಹೆಚ್ಚಿತ್ತಾದರೂ, ಧೂಳು ಹೆಚ್ಚಿದಂತೆ ಅದು ಏರಲಿಲ್ಲ. ಇಲಿಯ ಶ್ವಾಸಕೋಶ ಧೂಳಿನ ಹೊರೆಗೆ ವಿಶೇಷವಾಗಿ ಸೂಕ್ಷ್ಮ ಎಂದು ವಾದಿಸುವವರಿದ್ದಾರೆ. ಎರಡನ್ನೂ ತೂಗಿ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ಇದನ್ನು ‘ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ’ 2ಬಿ ಗುಂಪಿಗೆ ಸೇರಿಸಿತು. ಪ್ರಾಣಿಗಳಲ್ಲಿ ಸಾಕಷ್ಟು ಆಧಾರ, ಮನುಷ್ಯರಲ್ಲಿ ಸಾಲದು ಎಂಬುದು ಅದರ ಅರ್ಥ. 2011ರಲ್ಲಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಕೆಲಸದ ಜಾಗದ ಗಾಳಿಗೆ ಮಿತಿಗಳನ್ನು ಶಿಫಾರಸು ಮಾಡಿತು: ಸಾಮಾನ್ಯ ಕಣಕ್ಕೆ ಘನ ಮೀಟರಿಗೆ 2.4 ಮಿಲಿಗ್ರಾಂ, ಅತಿಸೂಕ್ಷ್ಮ ಕಣಕ್ಕೆ 0.3 ಮಿಲಿಗ್ರಾಂ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ತಿರುವು ಈ ಎರಡು ಅಂಕಿಗಳಲ್ಲಿದೆ. ಹೆಸರು ಒಂದೇ, ಸೂತ್ರ ಒಂದೇ, ಮಿತಿ ಮಾತ್ರ ಎರಡು, ಅದೂ ಎಂಟು ಪಟ್ಟು ಅಂತರದಲ್ಲಿ. ವಸ್ತು ಯಾವುದು ಎಂದು ಕೇಳಿದರೆ ಸಾಲದು ಎಂಬುದು ಇಲ್ಲಿ ಕಾಗದದ ಮೇಲೆ ಬಂತು.

ಮೂರನೆಯ ಬಾಗಿಲು ಬಾಯಿ. ಆಹಾರಕ್ಕೆ ಹಾಕುವ ಇ171 ಅನ್ನು ಯಾರೂ ನ್ಯಾನೋ ಎಂದು ಮಾರಿದವರಲ್ಲ. ಆದರೆ 2012ರಲ್ಲಿ ಅಮೆರಿಕದ ಸಂಶೋಧಕರು ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕಣಗಳಲ್ಲಿ ಸುಮಾರು ಶೇ. 36 ನ್ಯಾನೋ ಗಾತ್ರದವಾಗಿದ್ದವು. ಇದನ್ನು ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ತಿನ್ನುವವರು ಮಕ್ಕಳು ಎಂದೂ ಅವರು ಅಂದಾಜು ಮಾಡಿದರು. ಮಿಠಾಯಿ, ಚ್ಯೂಯಿಂಗ್ ಗಮ್, ಬಿಳಿ ಕ್ರೀಮು ಇವೆಲ್ಲ ಯಾರ ತಿಂಡಿ ಎಂದು ಯೋಚಿಸಿದರೆ ಕಾರಣ ತಿಳಿಯುತ್ತದೆ.

ತಿಂದದ್ದರಲ್ಲಿ ಬಹುಪಾಲು ಮಲದಲ್ಲಿ ಹೊರಹೋಗುತ್ತದೆ. ಇದು ಇಂದಿಗೂ ನಿಜ. ಆದರೆ ಬಹುಪಾಲು ಎಂದರೆ ಪೂರ್ತಿ ಅಲ್ಲ. ಮನುಷ್ಯರ ಸಣ್ಣ ಕರುಳಿನ ರೋಗನಿರೋಧಕ ಅಂಗಾಂಶದಲ್ಲಿ ಕಪ್ಪು ಬಣ್ಣ ತುಂಬಿದ ಭಕ್ಷಕ ಕೋಶಗಳು ಕಾಣುವುದು ವೈದ್ಯರಿಗೆ ಗೊತ್ತಿತ್ತು. ಆ ಕಪ್ಪಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಇದೆ ಎಂದು ಜೊನಾಥನ್ ಪೊವೆಲ್ ಮತ್ತು ಸಂಗಡಿಗರು 1996ರಲ್ಲಿ ವಿವರವಾಗಿ ತೋರಿಸಿದರು. ತಿಂಡಿಗೆ ಬಿಳುಪು ಕೊಟ್ಟದ್ದು ಕರುಳಿನಲ್ಲಿ ಕಪ್ಪಾಗಿ ಕುಳಿತಿತ್ತು. 2018ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು, ಸತ್ತ ಬಳಿಕ ದೇಹದಾನವಾಗಿದ್ದ 15 ಮಂದಿಯ ಯಕೃತ್ತು ಮತ್ತು ಗುಲ್ಮಗಳಲ್ಲಿ ಟೈಟಾನಿಯಂ ಕಣಗಳನ್ನು ಕಂಡರು. ಇದ್ದದ್ದು ಕಂಡಿತು. ಅದರಿಂದ ಅವರಿಗೆ ಏನಾದರೂ ಆಗಿತ್ತೇ ಎನ್ನುವುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. 2017ರಲ್ಲಿ ಫ್ರಾನ್ಸಿನ ಅಧ್ಯಯನವೊಂದು, 100 ದಿನ ಇ171 ಸೇವಿಸಿದ ಕೆಲವು ಇಲಿಗಳ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆಗಳನ್ನು ಗುರುತಿಸಿತು. ನಂತರ ನಡೆದ ಇನ್ನೊಂದು 100 ದಿನಗಳ ಅಧ್ಯಯನಕ್ಕೆ ಅಂಥದ್ದು ಸಿಗಲಿಲ್ಲ. 2020ರಲ್ಲಿ ಫ್ರಾನ್ಸ್ ಇದನ್ನು ಆಹಾರದಿಂದ ತೆಗೆಯಿತು. 2021ರ ಮೇ ತಿಂಗಳಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಈ ಕಣಗಳು ಡಿಎನ್‌ಎಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಹಾಗಾಗಿ ಸುರಕ್ಷಿತ ಪ್ರಮಾಣ ಇಷ್ಟೆಂದು ಹೇಳಲಾಗದು ಎಂದಿತು. 2022ರಲ್ಲಿ ಇಡೀ ಯುರೋಪಿಯನ್ ಒಕ್ಕೂಟದ ಆಹಾರದಲ್ಲಿ ನಿಷೇಧ ಬಂತು. ಔಷಧಗಳಲ್ಲಿ ಬಳಕೆ ಮುಂದುವರಿಯಿತು. ಅದೇ 2022ರಲ್ಲಿ ಕೆನಡಾದ ಆರೋಗ್ಯ ಇಲಾಖೆ, ಆಹಾರದಲ್ಲಿ ಇದು ಅಪಾಯಕಾರಿ ಎನ್ನಲು ನಿರ್ಣಾಯಕ ಆಧಾರವಿಲ್ಲ ಎಂದಿತು. 2023ರಲ್ಲಿ ಜಂಟಿ ತಜ್ಞ ಸಮಿತಿ 1969ರ ತನ್ನ ಮಾತನ್ನೇ ಎತ್ತಿಹಿಡಿಯಿತು.

ಉಸಿರಿನ ವಿಷಯವೂ ಕೋರ್ಟು ಮೆಟ್ಟಿಲೇರಿತು. ಪುಡಿಯ ಕೆಲವು ರೂಪಗಳನ್ನು ಉಸಿರಾಡಿದರೆ ಕ್ಯಾನ್ಸರ್ ಬರಬಹುದೆಂಬ ಯುರೋಪಿನ ವರ್ಗೀಕರಣವನ್ನು ಲಕ್ಸೆಂಬರ್ಗಿನ ನ್ಯಾಯಾಲಯ 2022ರ ನವೆಂಬರಿನಲ್ಲಿ ರದ್ದುಮಾಡಿತು. ವಾದದ ಕೇಂದ್ರದಲ್ಲಿದ್ದದ್ದು 1995ರ ಹೈನ್‌ರಿಕ್ ಪ್ರಯೋಗವೇ. ಕಣಗಳು ಗುಂಪುಗೂಡಿದಾಗ ಅವುಗಳ ಸಾಂದ್ರತೆ ಕಡಿಮೆಯಾಗುವುದನ್ನು ತಜ್ಞರು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದು ನ್ಯಾಯಾಲಯ ಹೇಳಿತು. 2025ರ ಆಗಸ್ಟಿನಲ್ಲಿ ಮೇಲಿನ ನ್ಯಾಯಾಲಯವೂ ಆ ರದ್ದತಿಯನ್ನು ಉಳಿಸಿತು. ಕಣ ಒಂಟಿಯಾಗಿದೆಯೇ, ಗುಂಪಾಗಿದೆಯೇ ಎಂಬ ಪ್ರಯೋಗಾಲಯದ ಪ್ರಶ್ನೆ ಮೂವತ್ತು ವರ್ಷಗಳ ನಂತರ ನ್ಯಾಯಾಧೀಶರ ಮುಂದೆ ನಿಂತಿತ್ತು.

ಈ ವಿಷಯ ಎತ್ತಿದಾಗಲೆಲ್ಲ ಸ್ನೇಹಿತರು ನನ್ನನ್ನು ಕೇಳುವುದು ಒಂದೇ: “ಹಾಗಾದ್ರೆ ಮಾತ್ರೆ ನುಂಗೋದು ಬಿಡ್ಬೇಕಾ?” ಬಿಡಬಾರದು. ಮಾತ್ರೆಯ ಹೊದಿಕೆಯಲ್ಲಿರುವುದು ಅತ್ಯಲ್ಪ; ಅದಕ್ಕೆ ಹೆದರಿ ಔಷಧ ಬಿಟ್ಟರೆ ಆಗುವ ಕೇಡು ಖಚಿತ. ಬಿಸಿಲಿನಿಂದ ಚರ್ಮಕ್ಕೆ ಆಗುವ ಹಾನಿಯೂ ಹಾಗೆಯೇ ಖಚಿತ, ಸನ್‌ಸ್ಕ್ರೀನಿನ ಹಾನಿ ಹಾಗಲ್ಲ. ಆದರೆ ಮಗುವಿನ ಮಿಠಾಯಿ ಇನ್ನಷ್ಟು ಬೆಳ್ಳಗೆ ಕಾಣಲಿ ಎಂಬ ಕಾರಣ ಈ ತಕ್ಕಡಿಯಲ್ಲಿ ಬಹಳ ಹಗುರ. ಅಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಸೀಸದ ಇತಿಹಾಸದಿಂದ ಟೈಟಾನಿಯಂ ಇನ್ನೊಂದು ಸೀಸ ಎಂಬ ತೀರ್ಮಾನಕ್ಕೆ ಬರಬಾರದು. ಅದು ಹಾಗಲ್ಲ; ಸೀಸದ ಜಾಗಕ್ಕೆ ಬಂದು ಅದು ಅಸಂಖ್ಯ ಜನರನ್ನು ಉಳಿಸಿದೆ. ಆದರೆ ‘ನಿರುಪದ್ರವಿ’ ಎಂಬ ಪದವನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಜೊತೆಗೇ ಕೇಳಬೇಕು ಎನ್ನುವುದನ್ನು ಈ ಎರಡೂ ಬಿಳುಪುಗಳು ಕಲಿಸುತ್ತವೆ. ಎಷ್ಟು ಗಾತ್ರದ್ದು? ಯಾವ ಬಾಗಿಲಿನಿಂದ? ಯಾವ ಇಸವಿಯ ಮಾತು? ನಾಲ್ಕನೆಯದನ್ನು ರಾಮಾಜಿನಿ ಮುನ್ನೂರು ವರ್ಷಗಳ ಹಿಂದೆಯೇ ಕೇಳಿದ್ದ: ಯಾರಿಗೆ? ಕೊಳ್ಳುವ ನಮಗೆ ಅದು ತಟ್ಟೆಯ ಮೇಲಿನ ಒಂದು ಚಿಟಿಕೆ. ಕಾರ್ಖಾನೆಯಲ್ಲಿ ಚೀಲ ಬಿಚ್ಚಿ ಪುಡಿ ಸುರಿಯುವವನಿಗೆ ಅದು ದಿನಕ್ಕೆ ಎಂಟು ಗಂಟೆಯ ಗಾಳಿ. ಅವನ ಮೂಗಿಗೆ ಒಳ್ಳೆಯ ಮಾಸ್ಕ್, ತಲೆಯ ಮೇಲೆ ಧೂಳು ಎಳೆಯುವ ಫ್ಯಾನ್ ಹಾಕಿಸುವುದಕ್ಕೆ ತಜ್ಞರು ಒಮ್ಮತಕ್ಕೆ ಬರುವವರೆಗೆ ಕಾಯಬೇಕಾಗಿಲ್ಲ.